ಮೂರು ದಿನದ ಬಂಗೇರ

ಸುಳ್ಳು ಹೇಳಬಾರದು ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಆ ಪಾಠದಲ್ಲಿ ಒಂದು ಮುಖ್ಯ ಭಾಗ ಬಿಟ್ಟುಹೋಗಿತ್ತು ಎಂದು ನಿವೃತ್ತನಾದ ಮೇಲೆ ಗೊತ್ತಾಯಿತು. ಹೇಳಲೇಬೇಕಾಗಿ ಬಂದರೆ ಕೇಳಿದವರಿಗೆ ಬೇಸರವಾಗುವ ಸುಳ್ಳನ್ನೇ ಹೇಳಬೇಕು. ಕೇಳಿದವರಿಗೆ ಸಂತೋಷವಾಯಿತೋ, ಆ ಸುಳ್ಳು ಮತ್ತೆ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಅವರೇ ಅದನ್ನು ಸಾಕಿ ಸಲಹಿ ದೊಡ್ಡದು ಮಾಡುತ್ತಾರೆ. ಇಷ್ಟನ್ನು ಈ ವೆಂಕಟೇಶ್ವರ ಮಾಸ್ಟ್ರಿಗೆ ಕಲಿಸಿದವನು ನೆರೆಮನೆಯ ಚಿದಾನಂದ.

ಫರಂಗಿಪೇಟೆಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ತಾಯಿ ಗುಲಾಬಕ್ಕ, ಮಗ ಚಿದಾನಂದ, ಇಬ್ಬರೇ. ಮಗನಿಗೆ ಮೂವತ್ತಾರು ವರ್ಷ. ಬಿ.ಸಿ. ರೋಡಿನ ಒಂದು ಡ್ರೈವಿಂಗ್ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕಾರು ಕಲಿಸುತ್ತಿದ್ದಾನೆ. ಕಲಿಸುವ ಕಾರಿನಲ್ಲಿ ಮಾಸ್ಟ್ರ ಕಾಲಿನ ಹತ್ತಿರವೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತಿ ಒತ್ತಿ ಅವನಿಗೆ ಅದು ದೇಹಗುಣವೇ ಆಗಿಹೋಗಿತ್ತು. ಬಸ್ಸಿನಲ್ಲಿ ಕುಳಿತರೂ ಒತ್ತುತ್ತಿದ್ದ, ಯಾರದಾದರೂ ಬೈಕಿನ ಹಿಂದೆ ಕುಳಿತರೂ ಒತ್ತುತ್ತಿದ್ದ, ನನ್ನ ಹೆಂಡತಿ ಶಂಕರಿ ನನಗೆ ಬೈಯುತ್ತಿದ್ದರೆ ನಮ್ಮ ಜಗಲಿಯಲ್ಲಿ ಕುಳಿತಲ್ಲೇ ಒತ್ತುತ್ತಿದ್ದ. ಹೆಣ್ಣು ನೋಡಲು ಹೋದ ಮನೆಗಳಲ್ಲೂ ಇದೇ ಕಥೆ. ಒಂದು ಕಡೆ ಹುಡುಗಿಯ ತಂದೆ "ನಿಮ್ಮ ಮುಂದಿನ ಯೋಚನೆ ಎಂತದು?" ಎಂದು ಕೇಳಿದ್ದಕ್ಕೆ ಗಾಬರಿಯಲ್ಲಿ "ಮೊದಲು ಹಿಂದಿನ ಕನ್ನಡಿ ನೋಡಬೇಕು" ಎಂದು ಹೇಳಿ ಎದ್ದು ಬಂದಿದ್ದ. ಅಲ್ಲಿಂದ ಮತ್ತೆ ಅವನಿಗೆ ಹೆಣ್ಣು ತೋರಿಸುವ ಧೈರ್ಯವನ್ನು ಯಾರೂ ಮಾಡಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಬಂಟ್ವಾಳದ ಟ್ರಾವೆಲ್ಸಿನವರೊಬ್ಬರು ಹಂಪಿ, ಬಾದಾಮಿ, ವಿಜಯಪುರ ಎಂದು ಮೂರು ದಿನದ ಪ್ರವಾಸ ಹೊರಡಿಸಿದರು. ಶಂಕರಿಗೆ ಗೋಳಗುಮ್ಮಟ ನೋಡುವ ಆಸೆ. ನನಗೆ ಮನೆಯಲ್ಲಿ ಒಬ್ಬನೇ ಅನ್ನ ಮಾಡಿಕೊಳ್ಳುವ ಭಯ. ಗುಲಾಬಕ್ಕ ಬೇಲಿಯ ಆಚೆಯಿಂದ, "ಇವನನ್ನೂ ಕರಕೊಂಡು ಹೋಗಿ ಮಾಸ್ಟ್ರೇ, ನಾಲ್ಕು ಜನರನ್ನು ಕಂಡಾದರೂ ಬರಲಿ" ಎಂದರು. ಹಾಗೆ ಚಿದಾನಂದನೂ ಬಂದ. ಬಸ್ಸಿನ ಚಾಲಕ ಉಮ್ಮರ್. ಚಿದಾನಂದ ತನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕುಳಿತು ಪ್ರತಿ ತಿರುವಿಗೂ ಬ್ರೇಕ್ ಒತ್ತುವುದನ್ನು ಕನ್ನಡಿಯಲ್ಲಿ ಕಂಡು, ಸಿದ್ಧಕಟ್ಟೆ ದಾಟುವುದರೊಳಗೆ ಉಮ್ಮರ್, "ಚಿದಣ್ಣ, ನೀವು ನಾಲ್ಕು ಸೀಟು ಹಿಂದೆ ಹೋಗ್ತೀರಾ? ನನಗೆ ನನ್ನ ಮೇಲೆಯೇ ಸಂಶಯ ಬರ್ತಾ ಉಂಟು" ಎಂದ. ಚಿದಾನಂದ ಎದ್ದು ಹಿಂದೆ ಹೋದ. ಆಗದೆ ಇರಬೇಕಾಗಿದ್ದದ್ದು ಆದದ್ದು ಆ ಸೀಟಿನಿಂದಲೇ.

ಮೂಡುಬಿದಿರೆಯಲ್ಲಿ ಇಬ್ಬರು ಹತ್ತಿದರು. ಒಬ್ಬರು ಸೇಸಮ್ಮ, ಅರುವತ್ತೈದರ ಗಟ್ಟಿ ಹೆಂಗಸು, ಮಂಡಿನೋವು ಬಿಟ್ಟರೆ ಇನ್ನು ಯಾವುದಕ್ಕೂ ಹೆದರುವವರಲ್ಲ. ಇನ್ನೊಬ್ಬಳು ಅವರ ತಂಗಿಯ ಮಗಳು ವಿಸ್ಮಿತಾ. ತಾಯಿ ತೀರಿಹೋದ ಮೇಲೆ ದೊಡ್ಡಮ್ಮನ ಜೊತೆಗೇ ಇರುವವಳು, ಮೂವತ್ತು ದಾಟಿದ ಹುಡುಗಿ, ಮೂಡುಬಿದಿರೆಯ ಫೋಟೋ ಸ್ಟುಡಿಯೋದಲ್ಲಿ ಮದುವೆಯ ಆಲ್ಬಂ ತಯಾರಿಸುವುದು ಅವಳ ಕೆಲಸ. ಅವಳು ಕುಳಿತದ್ದು ಚಿದಾನಂದನ ಪಕ್ಕದ ಸಾಲಿನಲ್ಲಿ. ಚಾರ್ಮಾಡಿಯ ಮೂರನೆಯ ತಿರುವಿನವರೆಗೆ ಸುಮ್ಮನೆ ಅವನ ಕಾಲನ್ನು ನೋಡಿದಳು. ನಾಲ್ಕನೆಯ ತಿರುವಿನಲ್ಲಿ ಕೇಳಿದಳು:

"ನಿಮ್ಮ ಬ್ರೇಕ್ ಹಿಡಿಯುತ್ತಾ ಉಂಟಾ?"

"ಸ್ವಲ್ಪ ಲೂಸ್ ಉಂಟು," ಎಂದ ಚಿದಾನಂದ.

ಅವಳು ನಕ್ಕಳು. ಹೆಣ್ಣೊಬ್ಬಳು ಅವನ ಮಾತಿಗೆ ನಕ್ಕದ್ದು, ಅದೂ ಅವನು ನಗಿಸಬೇಕೆಂದು ಹೇಳಿದಾಗಲೇ ನಕ್ಕದ್ದು ನನ್ನ ಜ್ಞಾನದಲ್ಲಿ ಅದೇ ಮೊದಲು. ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಕನ್ನಡ ಮಾಸ್ಟ್ರಾದ ಕಾರಣ ನಾನು ಅಭ್ಯಾಸಬಲದಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಘಟ್ಟ ಹತ್ತಿ ಮುಗಿಯುವಾಗ ಅವರಿಬ್ಬರ ಮಾತು ಮುಗಿದಿರಲಿಲ್ಲ. ಸೇಸಮ್ಮನವರ ಕಣ್ಣು ಮಾತ್ರ ಕಿರಿದಾಗಿತ್ತು.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಬಸ್ಸು ನಿಂತಿತು. ಸೇಸಮ್ಮ ನೇರ ಚಿದಾನಂದನ ಮೇಜಿಗೆ ಬಂದು, ಎದುರಿನ ಕುರ್ಚಿ ಎಳೆದು ಕುಳಿತು, ತುಳುನಾಡಿನಲ್ಲಿ ಹಿರಿಯರು ಕಿರಿಯರಿಗೆ ಕೇಳುವ ಮೊದಲ ಪ್ರಶ್ನೆಯನ್ನು ಕೇಳಿದರು.

"ನಿನ್ನದು ಯಾವ ಬರಿ?"

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಗುರುತು. ಬೇರೆ ಬರಿಯವರಾದರೆ ಮದುವೆಗೆ ಅಡ್ಡಿಯಿಲ್ಲ, ಆದ್ದರಿಂದ ಕಾವಲು ಬೇಕು. ಒಂದೇ ಬರಿಯವರಾದರೆ ಮುಖಪರಿಚಯ ಇಲ್ಲದಿದ್ದರೂ ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ, ಆದ್ದರಿಂದ ಕಾವಲೂ ಬೇಡ. ಕೆಲವರು ಬರಿಯನ್ನು ಹೆಸರಿನ ಹಿಂದೆ ಹಾಕಿಕೊಳ್ಳುತ್ತಾರೆ. ಚಿದಾನಂದನನ್ನು ಶಾಲೆಗೆ ಸೇರಿಸುವಾಗ ಅವನ ಅಪ್ಪ ಅದನ್ನು ಬರೆಸಲು ಮರೆತಿದ್ದರು. ಅವನ ತಾಯಿಯದು ಸಾಲ್ಯಾನ್ ಬರಿ. ಆದ್ದರಿಂದ ಅವನೂ ಸಾಲ್ಯಾನ್. ಆದರೆ ತಾವು ಬಂಗೇರರು ಎಂದು ವಿಸ್ಮಿತಾ ಅರ್ಧ ಗಂಟೆ ಮೊದಲು ಮಾತಿನ ನಡುವೆ ಹೇಳಿದ್ದಳು.

"ಬಂಗೇರ," ಎಂದ ಚಿದಾನಂದ.

ಮೂವತ್ತಾರು ವರ್ಷದಲ್ಲಿ ಅವನು ತಡವರಿಸದೆ ಕೊಟ್ಟ ಒಂದೇ ಉತ್ತರ ಅದು. ಸೇಸಮ್ಮನವರ ಮುಖ ತಕ್ಷಣ ಅರಳಿತು. "ಅಯ್ಯೋ ಮಾರಾಯ, ಮೊದಲೇ ಹೇಳ್ಬಾರದಾ! ವಿಸ್ಮಿತಾ, ಇವ ನಿನಗೆ ಅಣ್ಣ ಆಗ್ಬೇಕು. ನನ್ನ ಮಂಡಿಯಲ್ಲಿ ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ, ಇನ್ನು ಎಲ್ಲ ಕಡೆ ಇವನ ಜೊತೆಯಲ್ಲೇ ಹೋಗು." ಅಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಬರಿ ಕೇಳಿದವರು ತರವಾಡು ಮನೆ ಕೇಳದೆ ಬಿಡುವುದುಂಟೆ? ಕುಟುಂಬದ ಮೂಲಮನೆ ಎಲ್ಲಿ ಎಂದು ಕೇಳಿದರು. ಚಿದಾನಂದ ತನಗೆ ತಿಳಿದದ್ದರಲ್ಲೇ ದೂರದ, ಯಾರೂ ಹೋಗಿ ವಿಚಾರಿಸದ ಊರನ್ನು ಹುಡುಕಿ, "ಕನ್ಯಾನದ ಹತ್ತಿರ" ಎಂದ.

ಸೇಸಮ್ಮ ದೋಸೆ ತಿನ್ನುವುದನ್ನು ನಿಲ್ಲಿಸಿದರು. ಕಣ್ಣಿನಲ್ಲಿ ನೀರು ತುಂಬಿತು. ಏನೆಂದರೆ, ಕಕ್ಕಿಂಜೆಯ ಅವರ ತರವಾಡಿನಲ್ಲಿ ಹದಿನಾಲ್ಕು ವರ್ಷದ ಹಿಂದೆ ಜೋಯಿಸರನ್ನು ಕೂರಿಸಿ ಪ್ರಶ್ನೆ ಇಡಿಸಿದ್ದರಂತೆ. ಕುಟುಂಬದ ಒಂದು ಕವಲು ಬಹಳ ಹಿಂದೆ ತೆಂಕು ದಿಕ್ಕಿಗೆ ಹೋಗಿ ಸಂಬಂಧ ತಪ್ಪಿದೆ, ಅದನ್ನು ಹುಡುಕಿ ತಂದು ದೈವದ ಎದುರು ನಿಲ್ಲಿಸದೆ ಮನೆಗೆ ಏಳಿಗೆ ಇಲ್ಲ ಎಂದು ಕಂಡಿತಂತೆ. ಅಂದಿನಿಂದ ಅವರು ಹುಡುಕದ ಊರಿಲ್ಲ. ಕನ್ಯಾನ ಇರುವುದು ತೆಂಕು ದಿಕ್ಕಿನಲ್ಲಿ.

"ನೀನು ಹೋದ ಕವಲಿನವ," ಎಂದು ಸೇಸಮ್ಮ ಅವನ ಎರಡೂ ಕೈ ಹಿಡಿದುಕೊಂಡರು. ಚಿದಾನಂದ ಮೇಜಿನ ಅಡಿಯಲ್ಲಿ ಬ್ರೇಕ್ ಒತ್ತಿದ. ಏನೂ ನಿಲ್ಲಲಿಲ್ಲ.

ಹೊರಗೆ ಬಂದು ಅವನು ನಡೆದದ್ದನ್ನು ವಿಸ್ಮಿತಾಗೆ ಹೇಳಿದಾಗ ಅವಳು ಚಹಾ ಚೆಲ್ಲುವಷ್ಟು ನಕ್ಕಳು.

"ನಿಜದ ಬರಿ ಯಾವುದು?"

"ಸಾಲ್ಯಾನ್."

"ಸದ್ಯ," ಎಂದಳು. ಆಮೇಲೆ ಗಂಭೀರವಾಗಿ, "ನೋಡಿ, ನಾನು ನಾನೂರು ಮದುವೆಯ ಆಲ್ಬಂ ಮಾಡಿದ್ದೇನೆ. ಎಲ್ಲರೂ ಒಂದೇ ಹೂ ಹಿಡಿದು ಒಂದೇ ಕಡೆ ನೋಡ್ತಾರೆ. ನನಗೆ ಅದೆಲ್ಲ ಸಾಕಾಗಿದೆ. ಮೂರು ದಿನ ನಗಾಡುವ, ತಿರುಗಾಡುವ. ಮೂಡುಬಿದಿರೆಯಲ್ಲಿ ಬಸ್ ಇಳಿದ ಮೇಲೆ ನೀವು ಯಾರೋ, ನಾನು ಯಾರೋ. ಆಗ್ತದಾ?" ಎಂದಳು.

"ಆಗ್ತದೆ," ಎಂದ ಚಿದಾನಂದ. ಅವನಿಗೆ ಆಗ ಯಾವುದಾದರೂ ಆಗುತ್ತಿತ್ತು.

ಆ ಮೂರು ದಿನಗಳನ್ನು ಕಣ್ಣಾರೆ ಕಂಡವನು ನಾನು. ಹಂಪಿಯಲ್ಲಿ ಇಬ್ಬರೂ ಒಂದೇ ಕೊಡೆಯಡಿಯಲ್ಲಿ ನಡೆದರು. "ನೋಡಿ, ತಂಗಿಗೆ ಬಿಸಿಲು ತಾಗದ ಹಾಗೆ ಹೇಗೆ ಹಿಡೀತಾನೆ" ಎಂದರು ಸೇಸಮ್ಮ. ಬಾದಾಮಿಯಲ್ಲಿ ಮಂಗವೊಂದು ವಿಸ್ಮಿತಾಳ ಕೈಯ ಪೇರಳೆಹಣ್ಣು ಕಿತ್ತುಕೊಂಡಾಗ ಚಿದಾನಂದ ಅದರ ಹಿಂದೆ ನೂರು ಮೆಟ್ಟಿಲು ಓಡಿ ಬರಿಗೈಯಲ್ಲಿ ಬಂದ. "ಒಡಹುಟ್ಟಿದವರೂ ಹೀಗೆ ಓಡುವುದಿಲ್ಲ," ಎಂದರು ಸೇಸಮ್ಮ. ಅದು ಮಾತ್ರ ಸತ್ಯ. ಶಂಕರಿ ನನ್ನ ಕಿವಿಯಲ್ಲಿ, "ಇದು ಅಣ್ಣ ತಂಗಿಯ ಲಕ್ಷಣ ಅಲ್ಲ" ಎಂದಳು. "ಬೇರೆಯವರ ವಿಷಯ ನಮಗೆ ಎಂತಕ್ಕೆ?" ಎಂದು ನಾನು ಕಲ್ಲಿನ ಕಂಬವನ್ನು ನೋಡತೊಡಗಿದೆ.

ಗೋಳಗುಮ್ಮಟದಲ್ಲಿ ವಿಷಯ ಕೆಟ್ಟಿತು. ಅಲ್ಲಿ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಕೇಳಿಸುತ್ತದೆ ಎಂದು ಗೈಡ್ ಎಲ್ಲರಿಗೂ ಹೇಳಿದ್ದ. ಚಿದಾನಂದ ಆಗ ವಿಸ್ಮಿತಾಳನ್ನು ನೋಡುತ್ತಿದ್ದ. ಮಂಡಿನೋವಿನ ಸೇಸಮ್ಮ ಆ ದಿನ ಹಟದಿಂದ ಮೇಲೆ ಹತ್ತಿ ನಮ್ಮ ಜೊತೆ ಆಚೆ ಬದಿಯಲ್ಲಿ ಕುಳಿತಿದ್ದರು. ಗೋಡೆಯೊಳಗಿಂದ ಚಿದಾನಂದನ ಸ್ವರ ಬಂತು: "ನನಗೆ ಮೂಡುಬಿದಿರೆಯಲ್ಲಿ ಬಸ್ ನಿಲ್ಲುವುದೇ ಬೇಡ ಅಂತ ಕಾಣ್ತದೆ." ಅದರ ಹಿಂದೆಯೇ ವಿಸ್ಮಿತಾಳ ಸ್ವರ: "ನನಗೂ ಹಾಗೆಯೇ ಆಗ್ತಾ ಉಂಟು. ಇದು ನಮ್ಮ ಒಪ್ಪಂದದಲ್ಲಿ ಇರಲಿಲ್ಲ."

ಸೇಸಮ್ಮ ಸೆರಗಿನಿಂದ ಕಣ್ಣೊರಸಿಕೊಂಡರು. "ರಕ್ತಸಂಬಂಧ ಅಂದ್ರೆ ಹೀಗೆ ಮಾಸ್ಟ್ರೇ. ಮೂರು ದಿನದಲ್ಲಿ ಬಿಟ್ಟಿರ್ಲಿಕ್ಕೆ ಆಗುವುದಿಲ್ಲ. ಹುಡುಗ ಹೇಗೆ?" ಎಂದು ಕೇಳಿದರು. "ಒಳ್ಳೆಯವನು, ನನ್ನ ಮಗನ ಹಾಗೆ" ಎಂದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಒಪ್ಪಂದದಂತೆ ಮೂಡುಬಿದಿರೆಯಲ್ಲಿ ಇಬ್ಬರೂ ಫೋನ್ ನಂಬರ್ ಕೂಡ ಕೇಳದೆ ಬೇರೆಯಾದರು. ಆದರೆ ಸೇಸಮ್ಮನವರು ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಅವನ ನಂಬರನ್ನು ಅವರು ಹಂಪಿಯಲ್ಲೇ ತೆಗೆದುಕೊಂಡಿದ್ದರು. ಮರುದಿನ ಬೆಳಗ್ಗೆ ಚಿದಾನಂದ ಬೇಲಿಯ ಹತ್ತಿರ ಬಂದು ಫೋನ್ ತೋರಿಸಿದ. "ಬಂಗೇರ ಕುಟುಂಬಿಕರು, ಕಕ್ಕಿಂಜೆ" ಎಂಬ ವಾಟ್ಸಾಪ್ ಗುಂಪಿಗೆ ಅವನನ್ನು ಸೇರಿಸಿದ್ದರು. ನೂರ ನಲವತ್ತಮೂರು ಜನ. ಅದರಲ್ಲಿ ತೊಂಬತ್ತು ಜನ ಆಗಲೇ "ಸ್ವಾಗತ ಅಣ್ಣ" ಎಂದು ಕೈಮುಗಿದ ಚಿತ್ರ ಕಳಿಸಿದ್ದರು. ಒಬ್ಬರು ಹೊಸ ಸೋದರಳಿಯನಿಗೆಂದು ಹಲಸಿನ ಹಪ್ಪಳ ಕಟ್ಟಿಟ್ಟಿದ್ದರು.

"ಹೇಳಿ ಬಿಡು," ಎಂದಳು ಶಂಕರಿ.

"ಅವಸರ ಮಾಡಬಾರದು," ಎಂದೆ ನಾನು.

ಚಿದಾನಂದ ನನ್ನ ಮಾತನ್ನು ಕೇಳಿದ. ಜನ ಒಳ್ಳೆಯ ಮಾತು ಕೇಳುವುದು ಅಪರೂಪ, ಕೆಟ್ಟದ್ದಕ್ಕೆ ಕಿವಿ ಯಾವಾಗಲೂ ತೆರೆದಿರುತ್ತದೆ.

ಆಮೇಲೆ ಪ್ರತಿ ಆದಿತ್ಯವಾರ ಸೇಸಮ್ಮನೇ ಫೋನ್ ಮಾಡಿ ಅವನನ್ನು ಮೂಡುಬಿದಿರೆಗೆ ಕರೆಸಿ, ಕೋರಿರೊಟ್ಟಿ ಬಡಿಸಿ, "ಮನೆಯಲ್ಲಿ ಕೂತು ಎಂತ ಮಾಡ್ತೀರಿ, ಅಣ್ಣ ತಂಗಿ ಸಾವಿರ ಕಂಬದ ಬಸದಿಗೆ ಹೋಗಿ ಬನ್ನಿ" ಎಂದು ಕೊಡೆ ಕೊಟ್ಟು ಕಳಿಸುತ್ತಿದ್ದರು. ಅವಳಿಗೆ ಕಾರು ಕಲಿಸಬೇಕೆಂದು ಹೇಳಿದವರೂ ಅವರೇ. ಚಿದಾನಂದ ಶಾಲೆಯ ಕಾರು ತಂದು ಕಲಿಸಿದ. ಎರಡನೆಯ ಆದಿತ್ಯವಾರ ಅವಳು ಪೇಟೆಯ ಜಂಕ್ಷನ್ನಿನಲ್ಲಿ ಎದುರು ಬರುವ ಬಸ್ಸಿನ ಮುಂದೆ ಬಲಕ್ಕೆ ತಿರುಗಿಸಿದಾಗ, ತನ್ನ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ ಎಂದು ಚಿದಾನಂದನಿಗೆ ಅರಿವಾಯಿತಂತೆ. ಹನ್ನೊಂದು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು. ಬಸ್ಸಿನವನು ಬೈದ. ಇವನು ಕಾರು ಬದಿಗೆ ನಿಲ್ಲಿಸಲು ಹೇಳಿ, "ನಿಮ್ಮನ್ನು ಬಿಟ್ಟು ನನಗೆ ಆಗುವುದಿಲ್ಲ" ಎಂದ. "ನನಗೂ ಆಗುವುದಿಲ್ಲ, ಈಗ ಎಂತ ಮಾಡುವ ಅಣ್ಣ?" ಎಂದಳು ಅವಳು. ಇಬ್ಬರಿಗೂ ನಗು ಬರಲಿಲ್ಲ.

ಇತ್ತ ಕಕ್ಕಿಂಜೆಯಲ್ಲಿ ಕೆಲಸ ಜೋರಾಗಿತ್ತು. ಸೇಸಮ್ಮನ ತಮ್ಮ ರುಕ್ಮಯ್ಯ ಆ ತರವಾಡಿನ ಯಜಮಾನರು. ರಬ್ಬರ್ ಬೆಳೆಗಾರರು, ಒಂದು ಮಾತು ಆಡಿ ಇನ್ನೊಂದು ಮಾತು ಆಡುವ ನಡುವೆ ಎಲೆಯಡಿಕೆ ಹಾಕಿ ಮುಗಿಸುವಷ್ಟು ಸಾವಧಾನದ ಮನುಷ್ಯ. ಅವರು ಕನ್ಯಾನದ ಕಡೆಯ ತಮ್ಮ ನೆಂಟ ಡೊಂಬಯ್ಯನವರನ್ನು ವಿಚಾರಿಸಿದ್ದರು. ಎಂಬತ್ತೆರಡು ವರ್ಷದ ಡೊಂಬಯ್ಯನವರು ಜೀವಮಾನದಲ್ಲಿ ಒಮ್ಮೆಯೂ "ನನಗೆ ಗೊತ್ತಿಲ್ಲ" ಎಂದವರಲ್ಲ. "ಚಿದಾನಂದನಾ? ಅವನ ತಾಯಿಯ ಸೋದರಮಾವನನ್ನು ನಾನು ಕಂಡಿದ್ದೇನೆ. ಒಂದು ಕಿವಿ ಸಣ್ಣದು. ಬಂಗೇರರೇ, ಸಂಶಯ ಇಲ್ಲ" ಎಂದು ಸಾಕ್ಷಿ ಹೇಳಿಬಿಟ್ಟರು. ಸೇಸಮ್ಮ ಮುಂದಿನ ಆದಿತ್ಯವಾರ ಚಿದಾನಂದನ ಕಿವಿಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಎಡಗಿವಿ ಸ್ವಲ್ಪ ಸಣ್ಣದು ಎಂದೇ ಅವರಿಗೆ ಕಂಡಿತು.

ಹೀಗೆ ಆಧಾರ ಸಿಕ್ಕಿದ ಮೇಲೆ ರುಕ್ಮಯ್ಯನವರು ಒಂದು ದಿನ ಜೀಪು ಮಾಡಿಕೊಂಡು ಫರಂಗಿಪೇಟೆಗೇ ಬಂದರು. ಕೈಯಲ್ಲಿ ಹರಿವಾಣ, ಅದರಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಗುಲಾಬಕ್ಕನ ಜಗಲಿಯಲ್ಲಿ ನಿಂತು ಕೈಮುಗಿದು, "ಅಕ್ಕಾ, ತಲೆಮಾರು ಕಳೆದು ಹೋಯಿತು. ಕರೆಯಲಿಕ್ಕೆ ತಡವಾಯಿತು. ಬರುವ ಆದಿತ್ಯವಾರ ತರವಾಡಿನಲ್ಲಿ ತಂಬಿಲ ಉಂಟು, ದೈವಕ್ಕೆ ಸೇವೆ. ನೀವು ಮಗನೊಟ್ಟಿಗೆ ಬಂದು ಬಂಗೇರರಾಗಿ ಪ್ರಸಾದ ತೆಗೊಳ್ಳಬೇಕು" ಎಂದರು. ಆಮೇಲೆ ಚಿದಾನಂದನ ಕಡೆ ತಿರುಗಿ, "ಅದೇ ದಿನ ವಿಸ್ಮಿತಾಳನ್ನು ನೋಡ್ಲಿಕ್ಕೆ ಬೆಳ್ತಂಗಡಿಯಿಂದ ಜನ ಬರ್ತಾರೆ. ಹುಡುಗ ಧನರಾಜ್, ಪಂಪುಸೆಟ್ಟಿನ ಅಂಗಡಿ ಉಂಟು. ಅಣ್ಣನಾಗಿ ನೀನೇ ಮಾತಾಡ್ಬೇಕು" ಎಂದರು.

ಬೇಲಿಯ ಈಚೆ ನಾನು ದಾಸವಾಳಕ್ಕೆ ನೀರು ಹಾಕುತ್ತಿದ್ದೆ. ಹೂಜಿಯಲ್ಲಿ ನೀರು ಮುಗಿದು ಬಹಳ ಹೊತ್ತಾಗಿತ್ತು.

ಗುಲಾಬಕ್ಕ ಮಗನ ಮುಖ ನೋಡಿದರು. ಬಂದ ಹಿರಿಯರ ಮುಖ ನೋಡಿದರು. ಮನೆಬಾಗಿಲಿಗೆ ಬಂದ ವೀಳ್ಯವನ್ನು ತಿರುಗಿಸಿ ಕಳಿಸುವ ಹೆಂಗಸಲ್ಲ ಅವರು. ಎರಡೂ ಕೈ ಚಾಚಿ ತೆಗೆದುಕೊಂಡರು. ಜೀಪು ಹೋದ ಮೇಲೆ ಮಗನಿಗೆ ಹೇಳಿದ್ದು ಇಷ್ಟೇ: "ನಿನ್ನ ಅಪ್ಪ ನಿನಗೆ ಒಂದು ಸೈಕಲ್ ಬಿಟ್ಟು ಹೋದರು. ನಾನು ಕೊಟ್ಟದ್ದು ಬರಿ ಒಂದೇ. ಅದನ್ನೂ ಬದಲಿಸಿದೆಯಾ? ಆದಿತ್ಯವಾರ ನಾನು ಬರ್ತೇನೆ. ಬಾಯಿ ಬಿಡುವುದು ನೀನು."

ವಿಸ್ಮಿತಾಳೂ ಫೋನಿನಲ್ಲಿ ಅದನ್ನೇ ಹೇಳಿದಳಂತೆ. "ನಾನು ಹೇಳಿದರೆ ನಿಮಗೆ ಧೈರ್ಯ ಇಲ್ಲ ಅಂತ ಆಗ್ತದೆ. ದೈವದ ಎದುರು ಬಂಗೇರ ಅಂತ ಪ್ರಸಾದ ತೆಗೊಂಡ್ರೆ ನೀವು ನನಗೆ ಸಾಯುವವರೆಗೆ ಅಣ್ಣ. ಮತ್ತೆ ನಾನು ಧನರಾಜರಿಗೆ ಕಾಫಿ ಕೊಡುವುದೇ. ಇನ್ನೊಂದು, ನಿಮ್ಮದೊಂದು ಫೋಟೋ ಕಳಿಸಿ. ಸ್ವಾಗತದ ಫ್ಲೆಕ್ಸ್ ಮಾಡ್ಲಿಕ್ಕೆ ಮಾವ ನನಗೇ ಹೇಳಿದ್ದಾರೆ." ಇಷ್ಟು ಹೇಳಿ ಅವಳು ಅತ್ತಳು ಎಂದು ಚಿದಾನಂದ ನನ್ನ ಹತ್ತಿರ ಹೇಳುವಾಗ ಅವನ ಕಣ್ಣೂ ಒದ್ದೆಯಾಗಿತ್ತು.

ಆದಿತ್ಯವಾರ ಬೆಳಗ್ಗೆ ನಾವು ನಾಲ್ವರೂ ಕಕ್ಕಿಂಜೆಗೆ ಹೋದೆವು. ರಸ್ತೆಯ ಬದಿಯಲ್ಲೇ ಫ್ಲೆಕ್ಸ್. "ಮರಳಿ ಬಂದ ಕವಲಿಗೆ ಹಾರ್ದಿಕ ಸ್ವಾಗತ" ಎಂಬ ಅಕ್ಷರಗಳ ಅಡಿಯಲ್ಲಿ ಚಿದಾನಂದ, ಲೈಸೆನ್ಸಿನ ಫೋಟೋದಲ್ಲಿ ಇರುವ ಹಾಗೆ ಗಾಬರಿಯಾಗಿ ನೋಡುತ್ತಿದ್ದ. ಎಡಗಿವಿಯನ್ನು ಯಾರದೋ ಒತ್ತಾಯಕ್ಕೆ ಸ್ವಲ್ಪ ಸಣ್ಣದು ಮಾಡಲಾಗಿತ್ತು. ತರವಾಡು ಮನೆಗೆ ಹೊಸ ಟೈಲ್ಸ್ ಹಾಕಿಸಿದ್ದರು. ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ತುಂಬ ಬಂಗೇರರು. ಧನರಾಜನ ಕಡೆಯವರು ಹೇಳಿದ್ದಕ್ಕಿಂತ ಎರಡು ಗಂಟೆ ಮೊದಲೇ ಬಂದು ಅವಲಕ್ಕಿ ತಿನ್ನುತ್ತಿದ್ದರು. "ನಮಗೆ ಅವಸರ ಇಲ್ಲ, ನಿಮ್ಮ ಕಾರ್ಯ ಆಗಲಿ," ಎಂದ ಧನರಾಜ್. ಬಂದವನಿಗೆ ಹೊತ್ತು ಹೋಗಲೆಂದು ಯಾರೋ ಬಾವಿಯ ಪಂಪು ನೀರು ಎತ್ತುವುದಿಲ್ಲ ಎಂದರು. ಅವನು ಬಹಳ ಉತ್ಸಾಹದಿಂದ ತೋಳು ಮಡಚಿ ಆ ಕಡೆ ಹೋದ.

ದೈವದ ಗುಡಿಯ ಮುಂದೆ ತಂಬಿಲ ಮುಗಿಯಿತು. ರುಕ್ಮಯ್ಯನವರು ಗಂಧ ಮತ್ತು ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಹಿಡಿದು ನಿಂತು, ಒಂದೊಂದು ಕವಲಿನವರನ್ನೇ ಕರೆದು ಪ್ರಸಾದ ಕೊಟ್ಟರು. ಕೊನೆಗೆ ಸ್ವರ ಏರಿಸಿ, "ಕನ್ಯಾನದ ಕವಲಿನ ಗುಲಾಬಕ್ಕ, ಮಗ ಚಿದಾನಂದ ಮುಂದೆ ಬರಬೇಕು" ಎಂದರು. ಚಿದಾನಂದ ಮುಂದೆ ಹೋದ. ಕೈ ಚಾಚಿದ. ಮತ್ತೆ ಕೈಯನ್ನು ಹಿಂದೆ ತೆಗೆದುಕೊಂಡ.

"ನಾನು ಬಂಗೇರ ಅಲ್ಲ. ಸಾಲ್ಯಾನ್. ಸುಳ್ಳು ಹೇಳಿದ್ದು."

ಡೊಂಬಯ್ಯನವರು ಬೊಚ್ಚುಬಾಯಿ ಬಿಟ್ಟು ನಕ್ಕರು. "ಇವನ ತಾಯಿಯ ಸೋದರಮಾವನೂ ಹೀಗೆಯೇ. ಎಲ್ಲದಕ್ಕೂ ಅಲ್ಲ ಅಂತಲೇ ಹೇಳುವವರು." ಕುರ್ಚಿಗಳಿಂದ ಸಮ್ಮತಿ ಬಂತು. "ಜವಾಬ್ದಾರಿಗೆ ಹೆದರಿದ್ದು," ಎಂದರು ಒಬ್ಬರು. "ವಿನಯ ನೋಡಿ, ವಿನಯ," ಎಂದರು ಇನ್ನೊಬ್ಬರು. "ಖಾಲಿ ಹೊಟ್ಟೆಯಲ್ಲಿ ತಲೆ ತಿರುಗಿದೆ, ಒಂದು ಬೊಂಡ ಕೊಡಿ," ಎಂದರು ಸೇಸಮ್ಮ. ಬೊಂಡ ಬಂತು. ಚಿದಾನಂದ ವಿಧೇಯನಾಗಿ ಎಳನೀರು ಕುಡಿದು ಮುಗಿಸಿ, ಬಾಯಿ ಒರಸಿಕೊಂಡು, ಮತ್ತೆ ಹೇಳಿದ: "ನಾನು ಸಾಲ್ಯಾನ್."

ಸುಳ್ಳಿಗೆ ಮೂರು ಸಾಕ್ಷಿ, ಒಂದು ಫ್ಲೆಕ್ಸ್, ಒಂದು ಕಿವಿ ಇತ್ತು. ಸತ್ಯಕ್ಕೆ ಇದ್ದದ್ದು ಅವನೊಬ್ಬನೇ. ರುಕ್ಮಯ್ಯನವರು ನನ್ನ ಕಡೆ ತಿರುಗಿ, "ನೀವು ಮಾಸ್ಟ್ರು. ಸುಳ್ಳು ಹೇಳದವರು. ಹೇಳಿ" ಎಂದರು.

"ನೋಡಿ, ನಾವು ಬ್ರಾಹ್ಮಣರು, ಬರಿಯ ವಿಷಯದಲ್ಲಿ ನನಗೆ ಅಧಿಕಾರ..." ಎಂದು ಶುರು ಮಾಡಿದೆ. ಶಂಕರಿ ನನ್ನ ತೋಳನ್ನು ಚಿವುಟಿದಳು. ಆ ಗುರುತು ಎಂಟು ದಿನ ಇತ್ತು. "ಅವನು ಸಾಲ್ಯಾನೇ. ನನಗೆ ಮೊದಲಿನಿಂದ ಗೊತ್ತಿತ್ತು," ಎಂದೆ.

ರುಕ್ಮಯ್ಯನವರು ಕೈಯ ಹಿಂಗಾರವನ್ನು ಹರಿವಾಣದಲ್ಲಿ ಇಟ್ಟರು. "ಎಂತಕ್ಕೆ? ಇನ್ನೊಬ್ಬರ ಬರಿ ಹೇಳಿಕೊಂಡು ನಿನಗೆ ಆಗಬೇಕಾದದ್ದು ಎಂತದು?"

"ವಿಸ್ಮಿತಾ," ಎಂದ ಚಿದಾನಂದ. "ಅವಳ ಜೊತೆ ಮೂರು ದಿನ ಮಾತಾಡ್ಲಿಕ್ಕೆ ಅಂತ ಹೇಳಿದ್ದು. ಆಗ ಮೂರು ದಿನ ಸಾಕು ಅಂತ ಇತ್ತು. ಈಗ ನನಗೆ ಜೀವಮಾನ ಬೇಕು."

ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ವಿಸ್ಮಿತಾ, "ನನಗೂ" ಎಂದಳು. ತಟ್ಟೆಯನ್ನು ಕೆಳಗಿಟ್ಟಳು. "ಸುಳ್ಳು ಅಂತ ನನಗೂ ಗೊತ್ತಿತ್ತು ಮಾವ. ಬೈಯುವುದಾದರೆ ಇಬ್ಬರಿಗೂ ಬೈಯಿರಿ."

ಮೊದಲು ಮಾತು ಬಂದದ್ದು ಸೇಸಮ್ಮನವರಿಗೆ. "ಹಾಗಾದರೆ ಗೋಳಗುಮ್ಮಟದಲ್ಲಿ ಹೇಳಿದ್ದು?" ಎಂದರು. "ಪ್ರತಿ ಆದಿತ್ಯವಾರ ಬಸದಿಗೆ ಕಳಿಸಿದ್ದು ನಾನೇ ಅಲ್ವಾ? ಕೊಡೆ ಕೊಟ್ಟದ್ದೂ ನಾನೇ ಅಲ್ವಾ?" ಎಂದು ಎದೆಗೆ ಕೈಯಿಟ್ಟು ಕುರ್ಚಿಯಲ್ಲಿ ಕುಸಿದರು. ಅಷ್ಟರಲ್ಲಿ ಹಿತ್ತಿಲಿನಿಂದ ಧನರಾಜ್, ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬಂದು, "ನೀರು ಬಂತು! ವಾಲ್ವ್ ಹೋಗಿತ್ತು" ಎಂದ. ವಿಷಯ ತಿಳಿಸಿದಾಗ ಸ್ವಲ್ಪ ಯೋಚಿಸಿ, "ಪರವಾಗಿಲ್ಲ. ಹೊಸ ವಾಲ್ವ್ ನಾಳೆ ಕಳಿಸಿಕೊಡ್ತೇನೆ" ಎಂದು ಕೈ ತೊಳೆಯಲು ಹೋದ. ಅಷ್ಟು ಸಮಾಧಾನದ ಇನ್ನೊಬ್ಬ ಮನುಷ್ಯನನ್ನು ನಾನು ಕಾಣೆ.

ರುಕ್ಮಯ್ಯನವರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಹದಿನಾಲ್ಕು ವರ್ಷ ಹುಡುಕಿದ್ದೇವೆ," ಎಂದರು. "ನೀನು ಸಿಕ್ಕಿದೆ ಅಂತ ನನ್ನ ಅಕ್ಕ ಎರಡು ದಿನ ಊಟ ಬಿಟ್ಟು ಅತ್ತಿದ್ದಾಳೆ, ಸಂತೋಷದಲ್ಲಿ. ನಮ್ಮ ಕವಲಿನಲ್ಲಿ ಬರಿ ಮುಂದುವರಿಸಲಿಕ್ಕೆ ಉಳಿದ ಹೆಣ್ಣು ಇವಳೊಬ್ಬಳು. ನಮ್ಮ ಸಂತೋಷದ ಜೊತೆ ಆಟ ಆಡಿದವನಿಗೆ ಇವಳನ್ನು ಕೊಡುವುದಿಲ್ಲ. ಹೋಗು."

ಚಿದಾನಂದ ತಲೆತಗ್ಗಿಸಿದ. ಆಗ ಗುಲಾಬಕ್ಕ ಮುಂದೆ ಬಂದರು.

"ಬೈಯಬೇಕಾದವಳು ಮೊದಲು ನಾನು," ಎಂದರು. "ಇವ ಬಿಟ್ಟುಕೊಟ್ಟದ್ದು ನನ್ನ ಬರಿಯನ್ನು. ನನಗೆ ಹೆಣ್ಣುಮಕ್ಕಳಿಲ್ಲ, ಅಕ್ಕ ತಂಗಿಯರೂ ಇಲ್ಲ. ಇವ ಹುಟ್ಟಿದಾಗ ಗಂಡು ಅಂತ ಎಲ್ಲರೂ ಸಕ್ಕರೆ ಹಂಚಿದರು. ನಾನೊಬ್ಬಳು ಗೋಡೆಗೆ ಮುಖ ಮಾಡಿ ಅತ್ತೆ. ನನ್ನ ಅಮ್ಮನ ಬರಿ ನನ್ನಲ್ಲಿಗೆ ಮುಗಿಯಿತು ಅಂತ ಆ ದಿನವೇ ಗೊತ್ತಾಗಿತ್ತು. ಇವ ಯಾರನ್ನೇ ಕಟ್ಟಿಕೊಳ್ಳಲಿ, ಮೊಮ್ಮಕ್ಕಳು ನನ್ನ ಬರಿಯವರಾಗುವುದಿಲ್ಲ, ಆ ಹುಡುಗಿಯ ಬರಿಯವರೇ. ಇವ ಬಂಗೇರ ಅಂದದ್ದು ಸುಳ್ಳು, ಒಪ್ಪಿದೆ. ಆದರೆ ಈ ಹುಡುಗಿಯನ್ನು ಇವನಿಗೆ ಕೊಟ್ಟರೆ ಇವನ ಮಕ್ಕಳು ಬಂಗೇರರಾಗುವುದು ಸುಳ್ಳಾ? ನನ್ನದು ಹೇಗೂ ಮುಗಿಯುವಂಥದ್ದು ಅಣ್ಣಾ. ನನ್ನ ಮನೆಯ ತೊಟ್ಟಿಲಲ್ಲಿ ನಿಮ್ಮದಾದರೂ ಬೆಳೆಯಲಿ."

ರುಕ್ಮಯ್ಯನವರು ಎಲೆಯಡಿಕೆಗೆ ಕೈ ಹಾಕಿದರು. ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಇಟ್ಟರು, ಮಡಚಿದರು, ಆದರೆ ಬಾಯಿಗೆ ಹಾಕಲಿಲ್ಲ. ಅದನ್ನು ಬದಿಗಿಟ್ಟು, ಗಂಧ ಹಿಂಗಾರ ತೆಗೆದು ಗುಲಾಬಕ್ಕನ ಕೈಗೆ ಎರಡೂ ಕೈಯಿಂದ ಕೊಟ್ಟರು. "ತೆಗೊಳ್ಳಿ ಅಕ್ಕ. ಸಾಲ್ಯಾನ್ ಆಗಿಯೇ ತೆಗೊಳ್ಳಿ" ಎಂದರು. ಗುಲಾಬಕ್ಕ ಕಣ್ಣಿಗೊತ್ತಿಕೊಂಡರು. ಶಂಕರಿ ಅಳುತ್ತಿದ್ದಳು, ನನಗೂ ಹೊಗೆಯಿಂದಾಗಿ ಕಣ್ಣು ಉರಿಯುತ್ತಿತ್ತು.

ಚಿದಾನಂದ ಆಸೆಯಿಂದ ಕೈ ಚಾಚಿದ.

"ನಿನಗೆ ಇಲ್ಲ," ಎಂದರು ರುಕ್ಮಯ್ಯ. "ಮೊದಲು ದೈವದ ಎದುರು ಹೋಗಿ ತಪ್ಪಾಯಿತು ಅಂತ ಅಡ್ಡಬೀಳು. ಪ್ರಸಾದ ಮದುವೆಯ ದಿನ. ಅಲ್ಲಿಯವರೆಗೆ ಈ ಮನೆಯಲ್ಲಿ ನಿನಗೆ ಬರಿಯೂ ಇಲ್ಲ, ಪ್ರಸಾದವೂ ಇಲ್ಲ. ಊಟ ಮಾತ್ರ ಉಂಟು. ಹೋಗಿ ಕೂತುಕೋ."

ಡೊಂಬಯ್ಯನವರು ಊಟದ ಚಪ್ಪರದ ಕಡೆ ನಡೆಯುತ್ತಾ, ತನಗೆ ಈ ಮದುವೆ ಆಗುತ್ತದೆ ಎಂದು ಮೊದಲೇ ಗೊತ್ತಿತ್ತು ಎಂದು ಧನರಾಜನಿಗೆ ಹೇಳುತ್ತಿದ್ದರು. ಸಾಲಿನಲ್ಲಿ ಎಲೆ ಹಾಕಿದರು. ಚಿದಾನಂದ ಕುಳಿತ, ಪಕ್ಕದ ಎಲೆಗೆ ವಿಸ್ಮಿತಾ ಬಂದು ಕುಳಿತುಕೊಳ್ಳುವುದರಲ್ಲಿದ್ದಳು. ಅಷ್ಟರಲ್ಲಿ ಸೇಸಮ್ಮ ಮಂಡಿ ಹಿಡಿದುಕೊಂಡು ಅವಸರದಿಂದ ಬಂದು, ಅವಳನ್ನು ಆಚೆ ಸರಿಸಿ, ಇಬ್ಬರ ನಡುವೆ ಗಟ್ಟಿಯಾಗಿ ಕುಳಿತುಬಿಟ್ಟರು. ಇನ್ನು ಅವರು ಅಣ್ಣ ತಂಗಿ ಅಲ್ಲವಲ್ಲ.